ರಾಜಹಂಸಕ್ಕೆ ಬ್ಯಾಡಗಿಯ ಬಣ್ಣ

"ಈ ಬೋರ್ಡ್ ಬರದವರು ಯಾರ್ರೀ? ಬರಿಯೂ ಮುಂದ ಚಾಳೀಸ ಮನ್ಯಾಗ ಮರತು ಬಂದಿದ್ರೇನು?"

ಬೇಲಿಯಾಚೆಯಿಂದ ಬಂದ ಆ ಮಾತು ಮೃಣಾಲಿನಿಯ ಕಿವಿಗೆ ಚುರ್ ಎಂದು ತಾಗಿತು.

ಅವಳು ಸಲ್ವಾರನ್ನು ಮೊಣಕಾಲವರೆಗೆ ಮಡಚಿಕೊಂಡು, ಕೊಳದ ಅಂಚಿನ ಕೆಸರಿನಲ್ಲಿ ನಿಂತು, ಪರೀಕ್ಷೆಗೆಂದು ಬಾಟಲಿಗೆ ನೀರು ತುಂಬುತ್ತಿದ್ದಳು. ರಾಣೆಬೆನ್ನೂರಿನ ಹೊರಗಿರುವ ಆ ಚಿಕ್ಕ ಮೃಗಾಲಯದ ಜೀವಶಾಸ್ತ್ರಜ್ಞೆ ಅವಳು. ಹಕ್ಕಿಗಳ ಮೇವು, ನೀರು, ಆರೋಗ್ಯ ಎಲ್ಲದರ ಹೊಣೆ ಅವಳದೇ. ಬೋರ್ಡು ಬರೆದವಳೂ ಅವಳೇ.

ತಲೆ ಎತ್ತಿ ನೋಡಿದಳು. ಬಿಳಿ ಅಂಗಿಯ ತೋಳು ಮಡಚಿದ ಯುವಕನೊಬ್ಬ ಬೇಲಿಗೆ ಒರಗಿ ನಿಂತಿದ್ದ. ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ ಅವನ ತಾಯಿ, ಕೈಯಲ್ಲಿ ಅರ್ಧ ತಿಂದ ಸೌತೆಕಾಯಿ.

"ನಾನ ಬರದದ್ದು. ಏನು ತಪ್ಪದ ಅದರಾಗ?"

ಯುವಕ ಒಂದು ಕ್ಷಣ ತಬ್ಬಿಬ್ಬಾದ. ಆದರೆ ಮಾತು ಬಿಡುವ ಆಸಾಮಿಯಲ್ಲ.

"ರಾಜಹಂಸ, ಅಂದ್ರ ಫ್ಲೆಮಿಂಗೋ, ಗುಲಾಬಿ ಬಣ್ಣದ ಗರಿ ಅಂತ ಬರದೀರಿ. ಇಲ್ಲಿ ನೋಡಿದ್ರ ಬೆಳ್ಳಕ್ಕಿಗೆ ಉದ್ದನ ಕಾಲು ಹಚ್ಚಿ ನಿಲ್ಲಿಸಿದಂಗ ಐತಿ. ಎಮು ನೋಡಿದ್ವಿ, ನವಿಲು ನೋಡಿದ್ವಿ, ಬಣ್ಣದ ಕೊಕ್ಕರಿ ನೋಡಿದ್ವಿ, ಎಲ್ಲಾ ಬೋರ್ಡಿನಾಗ ಇದ್ದಂಗ ಅದಾವು. ಇವಕ್ಕೇನಾತು?"

"ಸುಮ್ನಿರೋ ಹನುಮೇಶ," ಎಂದಳು ತಾಯಿ ದೇವವ್ವ. "ಹಕ್ಕಿಗೆ ಹೆಸರಿಡೂದು ಸಾಲಲಿಲ್ಲೇನು, ಆ ಹುಡುಗಿಗೂ ಹೆಸರಿಡಾಕತ್ತಿಯಲ್ಲ."

ಮೃಣಾಲಿನಿಗೆ ನಗು ಬಂತು. ತಡೆದುಕೊಂಡಳು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೇರೊಂದು ಮೃಗಾಲಯದಿಂದ ಬಂದಾಗ ಆ ಹಕ್ಕಿಗಳ ರೆಕ್ಕೆಯಲ್ಲಿ ತೆಳು ಗುಲಾಬಿ ಇತ್ತು. ಗರಿ ಉದುರಿ ಹೊಸದು ಬಂದ ಹಾಗೆಲ್ಲ ಬಣ್ಣ ಹೋಗುತ್ತಲೇ ಇತ್ತು. ಬಂದವರೆಲ್ಲ ಬೋರ್ಡು ಓದಿ, ಹಕ್ಕಿ ನೋಡಿ, ಮುಸಿ ಮುಸಿ ನಕ್ಕು ಮುಂದೆ ಹೋಗುತ್ತಿದ್ದರು. ಕೇಳಿದವನು ಇವನೊಬ್ಬನೇ.

"ಅದು ಹುಟ್ಟಿನಿಂದ ಬರೋ ಬಣ್ಣ ಅಲ್ಲ," ಎಂದಳು ಬೇಲಿಯ ಹತ್ತಿರ ಬಂದು. "ತಿಂದದ್ದರಿಂದ ಬರತದ. ಹೊರಗ ಕೆರಿನ್ಯಾಗ ಪಾಚಿ, ಸಣ್ಣ ಸೀಗಡಿ ತಿಂತಾವ, ಅದರಾಗಿನ ಬಣ್ಣ ಗರಿಗೆ ಇಳೀತದ. ಇಲ್ಲಿ ನಾವು ಕೊಡೂ ಮೇವಿನ್ಯಾಗ ಆ ಬಣ್ಣ ಇಲ್ಲ."

"ತಿಂದದ್ದು ಮೈಮ್ಯಾಲ ಬರತೈತಿ?"

"ಹೌದು."

"ಹಂಗಾದ್ರ ನಮ್ಮ ಬ್ಯಾಡಗಿಗೆ ಕಳಸ್ರಿ ಇವನ್ನ. ಹೊಳ್ಳಿ ಬರೂದ್ರಾಗ ಕುಂಕುಮ ಆಗಿರ್ತಾವು."

ಅವನು ಚೇಷ್ಟೆಗೆ ಹೇಳಿದ್ದ. ಮೃಣಾಲಿನಿ ನಗಲಿಲ್ಲ. ಮೆಣಸಿನಕಾಯಿಯ ಕೆಂಪೂ ಅದೇ ಜಾತಿಯ ಬಣ್ಣ ಎಂದು ಎಂದೋ ಓದಿದ್ದು ನೆನಪಾಯಿತು.

"ಹಕ್ಕಿಗಳಿಗೆ ಖಾರ ಹತ್ತೂದಿಲ್ಲ," ಎಂದಳು ನಿಧಾನವಾಗಿ, ತನಗೇ ಹೇಳಿಕೊಳ್ಳುವಂತೆ. "ಖಾರ ತಿಳಿಯೂ ನರ ಅವುಕ್ಕ ಮನುಷ್ಯಾರಂಗ ಇಲ್ಲ. ಬಣ್ಣ ಮಾತ್ರ ದಕ್ಕತದ."

"ಖರೇನ?"

"ಖರೇನ."

ಹನುಮೇಶನ ಮುಖದಿಂದ ಚೇಷ್ಟೆ ಇಳಿಯಿತು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಅವನದು ತಾತನ ಕಾಲದಿಂದ ಬಂದ ದಲಾಲಿ ಅಂಗಡಿ. ತಂದೆ ತೀರಿದ ಮೇಲೆ ಅವನೇ ನೋಡಿಕೊಳ್ಳುತ್ತಿದ್ದ.

"ಬಣ್ಣ ಬೇಕಂದ್ರ ಡಬ್ಬಿ ಬೇಕ್ರಿ ನಿಮಗ."

"ಡಬ್ಬಿನ್ಯಾಗ ಇಟ್ಟ ಮೆಣಸಿನಕಾಯಿ?"

ತಾಯಿ, ಮಗ ಇಬ್ಬರೂ ನಕ್ಕುಬಿಟ್ಟರು.

"ಹಾವೇರಿ ಸೀಮ್ಯಾಗ ಇದ್ದು ಡಬ್ಬಿ ಗೊತ್ತಿಲ್ಲೇನು ನಿನಗ?" ಎಂದಳು ದೇವವ್ವ. "ಕಡ್ಡಿ ಅಂದ್ರ ಉದ್ದನ, ಸಪೂರ ಕಾಯಿ. ಡಬ್ಬಿ ಅಂದ್ರ ದಪ್ಪನ, ಸುಕ್ಕಿಂದು. ಖಾರ ಕಡಿಮಿ, ಬಣ್ಣ ಜಾಸ್ತಿ."

"ಓದಾಕತ್ತಾಗ ಅಡಗಿಮನಿ ಕಡೆ ಹೋಗ್ಲಿಲ್ಲ ಕಾಕೂ," ಎಂದಳು ಮೃಣಾಲಿನಿ ನಾಚಿ. "ಡಬ್ಬಿ ಅಂದ್ರ ತಗಡಿನ ಡಬ್ಬಿ ಅಂತನ ತಿಳಕೊಂಡೆ."

ಆ ದಿನ ಎಲ್ಲರೂ ನಕ್ಕ ಮಾತು ಅದು. ಮುಂದೆ ಎಷ್ಟು ಸಲ ಅದನ್ನು ನೆನೆದು ಅತ್ತಳೋ...

*

ನಿರ್ದೇಶಕ ಸುರೇಶ ಅವರು ಪ್ರಯೋಗಕ್ಕೆ ಒಪ್ಪಿದರು. "ಸ್ವಲ್ಪ ಸ್ವಲ್ಪ, ನಿಮ್ಮ ಜವಾಬ್ದಾರಿ ಮ್ಯಾಲ," ಎಂದರು.

ಮೊದಲು ಹಕ್ಕಿಗಳು ತಿನ್ನುತ್ತವೋ ಇಲ್ಲವೋ ನೋಡಲು ಊರಿನ ಗಿರಣಿಯಿಂದ ಮೆಣಸಿನ ಪುಡಿ ತಂದು ತಗಡಿನ ಡಬ್ಬಿಯಲ್ಲಿ ಹಾಕಿಟ್ಟಳು. ಹಂಸಗಳು ಕೊಕ್ಕು ತಲೆಕೆಳಗು ಮಾಡಿ, ಕೆಂಪು ಗಂಜಿಯನ್ನು ಸೋಸಿ ಸೋಸಿ ತಿಂದವು. ಹಕ್ಕಿಗಳನ್ನು ನೋಡಿಕೊಳ್ಳುವ ಮುದುಕ ಬುಡನಸಾಬ ಬೆರಗಾಗಿ, "ನಮ್ಮನಿ ಸೊಸಿಗಿಂತ ಇವ ಛಲೋ ಮೇಡಮ್ಮಾರ. ಖಾರಾತು ಅಂತ ಒಂದ ಮಾತಿಲ್ಲ," ಎಂದ.

ಮಳೆಗಾಲ ಹಿಡಿಯಿತು. ಕೊಳದ ಪಕ್ಕದ ಮೇವಿನ ಕೋಣೆಯ ಗೋಡೆ ಬೆವರತೊಡಗಿತು. ಡಬ್ಬಿಯ ಪುಡಿ ಗಂಟು ಕಟ್ಟಿದ್ದನ್ನು ಮೃಣಾಲಿನಿ ಒಂದು ದಿನ ನೋಡಿದಳು. ಬಿಸಾಕಬೇಕು ಎಂದುಕೊಂಡಳು.

ನಾಳೆ ಬಿಸಾಕಿದರಾಯಿತು...

ಅಷ್ಟರಲ್ಲಿ ಹನುಮೇಶನ ಚೀಲ ಬಂತು. ತಾನೇ ನಿಂತು ಕುಟ್ಟಿಸಿದ ಡಬ್ಬಿ ಮೆಣಸಿನಕಾಯಿಯ ಪುಡಿ. ಬಿಳಿ ಬಟ್ಟೆಯ ಚೀಲದ ಬಾಯಿಗೆ ದೇವವ್ವ ನೀಲಿ ದಾರದಿಂದ ಒತ್ತೊತ್ತಾಗಿ ಹೊಲಿಗೆ ಹಾಕಿದ್ದಳು. ಚೀಲದ ಹಿಂದೆಯೇ ಫೋನೂ ಬಂತು.

"ಮಾಲು ಇಟ್ಟ ಕೋಲ್ಡ್ ಸ್ಟೋರೇಜ್ ಒಮ್ಮೆ ನೋಡಿ ಹೋಗ್ರಿ. ಓದಿದವರು ನೋಡಿದ್ರ ನಮಗೂ ಧೈರ್ಯ."

ನೋಡುವುದಕ್ಕೇನೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಮಾರನೆಯ ದಿನವೇ "ಮೇವಿನ ತಪಾಸಣೆ" ಎಂದು ಹೇಳಿ ಬ್ಯಾಡಗಿಗೆ ಹೋದಳು.

ಯಾರ್ಡಿಗೆ ಕಾಲಿಟ್ಟವಳು ಸೀನಲು ಶುರು ಮಾಡಿದಳು. ನಿಲ್ಲಲೇ ಇಲ್ಲ. ಮೂಗಿಗೆ ಬಟ್ಟೆ ಕಟ್ಟಿದ ಹಮಾಲರು ಚೀಲ ಇಳಿಸಿ ನೋಡುತ್ತ ನಿಂತರು. ಹನುಮೇಶ ಟವೆಲು ನೀರಿಗೆ ಅದ್ದಿ ಕೊಟ್ಟ.

"ಹಕ್ಕಿಗೆ ಖಾರ ಹತ್ತೂದಿಲ್ಲ ಅಂದಿದ್ರಿ. ಹಕ್ಕಿ ಮೇಡಂಗೆ ಹತ್ತತೈತಿ ಅಂತ ಹೇಳಿರಲಿಲ್ಲ."

ಕೋಲ್ಡ್ ಸ್ಟೋರೇಜಿನೊಳಗೆ ಹಲ್ಲು ಕಟಕಟ ಎನ್ನುವ ಚಳಿ. ಅವನು ತನ್ನ ಸ್ವೆಟರು ಕೊಟ್ಟ. ಹೊರಗೆ ಬಂದ ಮೇಲೂ ಅವಳು ಅದನ್ನು ತೆಗೆಯಲಿಲ್ಲ. ತೋಳು ಉದ್ದವಾಗಿ ಬೆರಳು ಮುಚ್ಚುತ್ತಿತ್ತು. ಅದರಲ್ಲಿ ಮೆಣಸಿನಕಾಯಿಯ ಘಾಟು, ಸಾಬೂನಿನ ವಾಸನೆ.

ಆಗ ಫೋನು ಬಂತು. ಬುಡನಸಾಬ.

"ಮೇಡಮ್ಮಾರ, ಹಂಸಕ್ಕ ಯಾವ ಪುಡಿ ಹಾಕ್ಲಿ? ಎರಡು ಅದಾವಲ್ಲ ಇಲ್ಲೆ."

ಎದುರಿಗೆ ಹನುಮೇಶ ಅವಳು ಸೀನುವುದನ್ನು ಅಣಕಿಸಿ ತೋರಿಸುತ್ತಿದ್ದ. ಅವಳು ನಗು ತಡೆಯುತ್ತಲೇ ಹೇಳಿದಳು.

"ಡಬ್ಬಿದು ಹಾಕ್ರಿ ಚಾಚಾ. ಇನ್ನ ದಿನಾ ಅದನ್ನ ಹಾಕ್ರಿ."

"ಹೌದಲ್ಲ? ಡಬ್ಬಿದು?"

"ಹೂಂ. ಡಬ್ಬಿದ."

ಫೋನು ಇಟ್ಟಳು. ಬದುಕಿನಲ್ಲಿ ಅಷ್ಟು ಹಗುರವಾಗಿದ್ದ ದಿನ ಇನ್ನೊಂದು ಅವಳಿಗೆ ನೆನಪಿರಲಿಲ್ಲ.

*

ಮೊದಲು ಮೇವು ಬಿಟ್ಟಿದ್ದು ಗುಂಪಿನಲ್ಲಿ ಎಲ್ಲಕ್ಕಿಂತ ಎತ್ತರದ ಹೆಣ್ಣು ಹಂಸ. ಒಂಟಿ ಕಾಲಿನ ಮೇಲೆ ನಿಲ್ಲಲಾರದೆ ಎರಡೂ ಕಾಲೂರಿ ನಿಂತಿತು. ಆಮೇಲೆ ಕುಳಿತಿತು. ಒಂದು ಬೆಳಿಗ್ಗೆ ಮೃಣಾಲಿನಿ ಹೋಗುವಷ್ಟರಲ್ಲಿ ಅದರ ಉದ್ದ ಕೊರಳು ನೀರಿನಂಚಿನಲ್ಲಿ ಹಗ್ಗದಂತೆ ಬಿದ್ದಿತ್ತು. ಉಳಿದವೂ ಮಂಕಾಗಿದ್ದವು.

ಮರಣೋತ್ತರ ಪರೀಕ್ಷೆ ಮಾಡಿದ ಪಶುವೈದ್ಯರು ಯಕೃತ್ತು ಹಾಳಾಗಿದೆ ಎಂದರು. ತೊಟ್ಟಿಯಲ್ಲಿ ಉಳಿದಿದ್ದ ಮೇವನ್ನು ಪರೀಕ್ಷೆಗೆ ಕಳಿಸಿದಾಗ ಉತ್ತರ ಸ್ಪಷ್ಟವಾಗಿತ್ತು. ಮೆಣಸಿನ ಪುಡಿಯಲ್ಲಿ ಬೂಷ್ಟಿನ ವಿಷ.

"ಯಾವ ಪುಡಿ ಹಾಕಾಕತ್ತಿದ್ರಿ?" ಸುರೇಶ ಕೇಳಿದರು.

"ಬ್ಯಾಡಗಿಯಿಂದ ಬಂದದ್ದು ಸರ್. ಡಬ್ಬಿ."

ಒಂದು ಕ್ಷಣವೂ ತಡೆಯದೆ ಹೇಳಿದಳು. ಮೇವಿನ ಕೋಣೆಗೆ ಹೋಗಿ ನೋಡಬೇಕೆಂದು ಹೊಳೆಯಲೇ ಇಲ್ಲ. ತಾನೇ ಹೇಳಿದ ಮೇಲೆ ನೋಡುವುದೇನು? ಬುಡನಸಾಬ ಮಗಳ ಹೆರಿಗೆಗೆಂದು ಐರಣಿಗೆ ರಜೆ ಹಾಕಿ ಹೋಗಿದ್ದ; ಅವನಿಗೆ ಫೋನು ಮಾಡಿ ಕೇಳಬೇಕೆಂದೂ ಅನ್ನಿಸಲಿಲ್ಲ. ಮೆಣಸಿನ ಪುಡಿ ಬಂದ್ ಎಂದು ಆದೇಶವಾಯಿತು. ಬದಲಿಗೆ ಬಂದ ಕೆಲಸಗಾರ ಅಲ್ಲಿದ್ದದ್ದನ್ನೆಲ್ಲ ಹೊಟ್ಟಿನ ಚೀಲಗಳ ಹಿಂದೆ ತಳ್ಳಿಬಿಟ್ಟ. ಕಾಯಿಲೆಬಿದ್ದ ಹಕ್ಕಿಗಳ ಆರೈಕೆಯಲ್ಲಿ ಅವಳಿಗೆ ಊಟ ನಿದ್ದೆಯ ಪರಿವೆಯೂ ಉಳಿಯಲಿಲ್ಲ.

ಸುದ್ದಿ ಕೇಳಿ ಹನುಮೇಶ ಓಡಿ ಬಂದ. ಬೇಲಿಯ ಹತ್ತಿರವೇ ಅವನನ್ನು ನಿಲ್ಲಿಸಿದಳು.

"ಬೂಷ್ಟು ಹಿಡದ ಮಾಲು ಕಳಿಸೀರಿ ನೀವು."

"ಮೃಣಾಲಿನಿ, ನಾನ ಆರಿಸೇನಿ, ನಾನ ನಿಂತು ಕುಟ್ಟಿಸೇನಿ..."

"ಹಂಗಾದ್ರ ವಿಷ ಎಲ್ಲಿಂದ ಬಂತು? ಆಕಾಶದಿಂದ ಬಿತ್ತೇನು?"

ಅವನ ಕಣ್ಣು ಕೊಳದ ಕಡೆ ಹೋಯಿತು. ಎತ್ತರದ ಹೆಣ್ಣು ನಿಲ್ಲುತ್ತಿದ್ದ ಜಾಗ ಖಾಲಿಯಿತ್ತು.

"ಓದಿದವರು ನೀವು. ಪರೀಕ್ಷಾ ಮಾಡಿಸೀರಿ. ನನ್ನ ಮಾಲಿನ್ಯಾಗ ಇತ್ತು ಅಂದ್ರ... ಇತ್ತು." ಅವನ ದನಿ ಇಳಿಯಿತು. "ಅಂದ್ರ ನಾನ ಕೊಂದಂಗಾತು."

ಅಲ್ಲ ಎಂದು ಹೇಳಬಹುದಿತ್ತು. ಅವಳು ಹೇಳಲಿಲ್ಲ. ಸ್ವೆಟರನ್ನು ಮಡಚಿ ಅವನ ಕೈಗಿಟ್ಟು ಒಳಗೆ ನಡೆದುಬಿಟ್ಟಳು.

ಯಾರ್ಡಿನಲ್ಲಿ ಅವನ ಅಂಗಡಿಗೆ ಹೊಸ ಹೆಸರು ಬಿತ್ತು... "ಹಂಸ ಕೊಂದ ಅಂಗಡಿ." ಹಕ್ಕಿ ಸಾಯುವ ಮಾಲಿಟ್ಟ ಕಟ್ಟೆಯಲ್ಲಿ ನಮ್ಮ ಮಾಲೂ ಇದ್ದರೆ ಖರೀದಿದಾರರು ಮೂಸಿ ನೋಡುವುದಿಲ್ಲ ಎಂದು ರೈತರು ಬೇರೆ ಅಂಗಡಿಗೆ ಹೋಗತೊಡಗಿದರು. ಅವನ ತಂದೆಯ ಕಾಲದಿಂದ ಅಲ್ಲೇ ಮಾಲು ಇಳಿಸುತ್ತಿದ್ದ ಮೈಲಾರೆಪ್ಪನೂ ಹೋದ.

ಇದೆಲ್ಲ ಮೃಣಾಲಿನಿಯ ಕಿವಿಗೂ ಬಿತ್ತು. ಆಗಬೇಕಾದ್ದೇ ಎಂದುಕೊಂಡಳು. ಆದರೂ ಎದೆಯಲ್ಲಿ ಏನೋ ಚುಚ್ಚುತ್ತಲೇ ಇತ್ತು.

*

ದೀಪಾವಳಿ ಕಳೆದ ಮೇಲೆ ಬುಡನಸಾಬ ಮೊಮ್ಮಗನ ಸುದ್ದಿ, ಪೇಢೆಯ ಪೊಟ್ಟಣ ಎರಡನ್ನೂ ತೆಗೆದುಕೊಂಡು ಕೆಲಸಕ್ಕೆ ಬಂದ. ಸೋಮವಾರ ಮೇವಿನ ಕೋಣೆ ಗುಡಿಸಲು ಹೋದವನು ಅಲ್ಲಿಂದಲೇ ಕೂಗಿದ.

"ಮೇಡಮ್ಮಾರ, ಈ ಚೀಲ ಏನ ಮಾಡ್ಲಿ?"

ಮೃಣಾಲಿನಿ ಬಾಗಿಲಿಗೆ ಬಂದು ನಿಂತಳು.

ಅವನ ಕೈಯಲ್ಲಿ ಬಿಳಿ ಚೀಲವಿತ್ತು. ಬಾಯಿಗೆ ನೀಲಿ ದಾರದ ಒತ್ತೊತ್ತು ಹೊಲಿಗೆ. ಒಂದೆಳೆಯೂ ಬಿಚ್ಚಿರಲಿಲ್ಲ.

"ಇದು... ಇದು ಹೆಂಗ ಹಂಗ ಅದ? ಬಿಚ್ಚಲಿಲ್ಲೇನು ಚಾಚಾ?"

"ಯಾಕ ಬಿಚ್ಚಲಿ? ನೀವ ಹೇಳಿದ್ರಲ್ರಿ, ಡಬ್ಬಿದು ಹಾಕು ಅಂತ. ಡಬ್ಬಿದ ಹಾಕಿದೆ. ತಳ ಕೆರದು ಹಾಕಿದೆ. ಡಬ್ಬಿ ಖಾಲಿ ಆಗಿ ಅಲ್ಲೇ ಬಿದ್ದೈತಿ ನೋಡ್ರಿ."

ಮೂಲೆಯಲ್ಲಿ ತಗಡಿನ ಡಬ್ಬಿ ಅಡ್ಡ ಬಿದ್ದಿತ್ತು. ಒಳಗೆ ಬೂದು ಬಣ್ಣದ ಪೊರೆ.

ಮೃಣಾಲಿನಿ ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದಳು.

ಡಬ್ಬಿ ಅಂದರೆ ತಗಡಿನ ಡಬ್ಬಿ ಎಂದೇ ತಿಳಿದೆ... ಆ ಮಾತು ಹೇಳಿದ್ದು ಅವಳೇ. ಹೊರಗಿನ ಆ ಬೇಲಿಯ ಪಕ್ಕದಲ್ಲಿ, ಇದೇ ಬಾಯಿಂದ. ಆ ಶಬ್ದ ಹೇಗೆ ಕಾಲು ಜಾರಿಸುತ್ತದೆ ಎಂದು ಇಡೀ ಮೃಗಾಲಯದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಬುಡನಸಾಬ ಎರಡು ಸಲ ಕೇಳಿದ್ದ. ಅವಳು ನಗುತ್ತ ಹೂಂ ಎಂದಿದ್ದಳು. ಗಂಟು ಕಟ್ಟಿದ ಪುಡಿಯನ್ನು ನಾಳೆ ಬಿಸಾಕುತ್ತೇನೆ ಎಂದವಳೂ ಅವಳೇ.

"ಮೇಡಮ್ಮಾರ? ನಾ ಏನರ ತಪ್ಪ ಮಾಡಿದ್ನೇನು?"

ಮುದುಕನ ಮುಖ ಬಿಳಿಚಿಕೊಂಡಿತ್ತು. ಅವನಿಗೂ ಈಗ ಅರ್ಥವಾಗುತ್ತಿತ್ತು.

"ಇಲ್ಲ ಚಾಚಾ. ನೀವು ಕೇಳಿದ್ರಿ. ಉತ್ತರ ಕೊಟ್ಟಾಕಿ ನಾನು."

ಅಂದೇ ಹೇಳಿಬಿಡಬೇಕಿತ್ತು. ಫೋನು ಕೈಗೆತ್ತಿಕೊಂಡಳು, ಇಟ್ಟಳು. ಏನೆಂದು ಹೇಳುವುದು? ನೌಕರಿ ಹೋದರೆ? ಬುಡನಸಾಬನನ್ನು ತೆಗೆದುಹಾಕಿದರೆ? ಬೆಳಿಗ್ಗೆ ಇವತ್ತು ಎಂದುಕೊಳ್ಳುವಳು, ಸಂಜೆ ನಾಳೆ ಎನ್ನುವಳು. ಆ ಹಳೆಯ ನಾಳೆಯೇ ಮತ್ತೆ ಬಂದು ಕೂತಿತ್ತು.

ರವಿವಾರ ಜನ ತುಂಬಿದ್ದರು. ಮೃಣಾಲಿನಿ ಮೇವಿನ ಕೋಣೆಯ ಕಿಟಕಿಯಿಂದ ಹೊರಗೆ ನೋಡಿದಳು.

ಬೇಲಿಯ ಬಳಿ ಹನುಮೇಶ ಒಬ್ಬನೇ ನಿಂತಿದ್ದ. ಸೊರಗಿದ್ದ. ಬೋರ್ಡನ್ನು ಓದಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. ಹಂಸಗಳು ತಿನ್ನುವುದನ್ನು ಕಣ್ಣಿಟ್ಟು ನೋಡುತ್ತಿದ್ದ. ಒಂದೊಂದೂ ಕೊಕ್ಕು ಅದ್ದಿದಾಗ ಅವನ ಭುಜ ಸ್ವಲ್ಪ ಸಡಿಲವಾಗುತ್ತಿತ್ತು.

"ಆ ಹುಡುಗ ಪ್ರತಿ ರವಿವಾರ ಬರತಾನಂತ," ಬುಡನಸಾಬ ಹಿಂದಿನಿಂದ ಮೆಲ್ಲನೆ ಹೇಳಿದ. "ಗೇಟಿನವ ಹೇಳಿದ. ಹಕ್ಕಿ ಆರಾಮ ಅದಾವಿಲ್ಲೋ ಅಂತ ಕೇಳಿ, ಟಿಕೆಟ್ ತಗೊಂಡು ಬಂದು, ಇಷ್ಟೊತ್ತು ನಿಂತು ಹೋಗತಾನಂತ."

ಅವನು ನಂಬಿದ್ದ. ಅವಳ ಮಾತನ್ನು, ಅವಳ ಓದನ್ನು ನಂಬಿ, ತಾನು ಮಾಡದ ಪಾಪವನ್ನು ಹೊತ್ತು ಅಲ್ಲಿ ನಿಂತಿದ್ದ.

ಹೋಗು, ಈಗಲೇ ಹೋಗಿ ಹೇಳು...

ಹೋಗಲಿಲ್ಲ. ಕಿಟಕಿಯಿಂದ ಹಿಂದೆ ಸರಿದು, ಗೋಡೆಗೆ ಬೆನ್ನು ಹಚ್ಚಿ, ಅವನು ಹೋಗುವವರೆಗೂ ಅಡಗಿ ನಿಂತಳು.

ಆ ನಿಮಿಷದಷ್ಟು ಅವಳು ತನ್ನ ಬಗ್ಗೆ ಎಂದೂ ಹೇಸಿಕೊಂಡಿರಲಿಲ್ಲ.

*

ಸೋಮವಾರ ಬೆಳಿಗ್ಗೆ ಸುರೇಶ ಅವರ ಮುಂದೆ ಎಲ್ಲವನ್ನೂ ಹೇಳಿದಳು. ಅವರು ಮೇವಿನ ದಾಖಲೆ ತಿರುವಿ ನೋಡಿದರು.

"ಬುಡನಸಾಬಗ ಓದಾಕ ಬರೂದಿಲ್ಲ ಅಂತ ಅವನ ಮ್ಯಾಲ ಹಾಕಬಹುದಿತ್ತು ನೀವು," ಎಂದರು ಕೊನೆಗೆ.

"ತಪ್ಪು ಓದಿದ್ದಲ್ಲ ಸರ್. ಹೇಳಿದ್ದು."

"ಮೇವಿನ ಕೋಣಿ ಕೀಲಿ ಕೊಡ್ರಿ. ವಿಚಾರಣಾ ಆಗತದ. ಅಲ್ಲೀತನಕ ಹಕ್ಕಿ ಮೇವಿನ ಜವಾಬ್ದಾರಿ ನಿಮಗಿಲ್ಲ."

ಕೀಲಿ ಮೇಜಿನ ಮೇಲಿಟ್ಟಳು. ಆ ಚೀಲವನ್ನು ಸ್ಕೂಟಿಯ ಮುಂದಿಟ್ಟುಕೊಂಡು ನೇರ ಬ್ಯಾಡಗಿಗೆ ಹೊರಟಳು.

ಸೋಮವಾರ ಮಾರುಕಟ್ಟೆಯ ದಿನ. ಟೆಂಡರು ಮುಗಿದು ದರ ಗೊತ್ತಾಗುವ ಹೊತ್ತು. ರೈತರು, ಖರೀದಿದಾರರು, ಹಮಾಲರು ಅಂಗಡಿಗಳ ಮುಂದೆ ಗುಂಪು ಗುಂಪಾಗಿ ನಿಂತಿದ್ದರು. ಹನುಮೇಶನ ಕಟ್ಟೆ ಮಾತ್ರ ಬಣಗುಡುತ್ತಿತ್ತು. ದೇವವ್ವ ಬಾಗಿಲಲ್ಲಿ ಕೂತಿದ್ದಳು. ಮೃಣಾಲಿನಿಯನ್ನು ನೋಡಿ ಮುಖ ತಿರುಗಿಸಿದಳು.

ಮೃಣಾಲಿನಿ ಚೀಲವನ್ನು ಕಟ್ಟೆಯ ಮೇಲಿಟ್ಟು ತಾನೂ ಹತ್ತಿ ನಿಂತಳು. ಸೀನು ಬಂತು. ಕಣ್ಣಲ್ಲಿ ನೀರು ಬಂತು. ಯಾವುದಕ್ಕೆಂದು ಅವಳಿಗೇ ತಿಳಿಯಲಿಲ್ಲ.

"ಎಲ್ಲಾರೂ ಒಂದ್ನಿಮಿಷ ಕೇಳ್ರಿ."

ಜನ ತಿರುಗಿ ನೋಡಿದರು. ಅಂಗಡಿಯೊಳಗಿನಿಂದ ಹನುಮೇಶ ಹೊರಗೆ ಬಂದ.

"ಹಂಸ ತಿಂದು ಸತ್ತದ್ದು ಈ ಅಂಗಡಿ ಮಾಲಲ್ಲ. ಇವರು ಕಳಿಸಿದ ಚೀಲ ಇದು. ಹೊಲಿಗಿ ನೋಡ್ರಿ, ಬಿಚ್ಚಿಲ್ಲ. ಹಕ್ಕಿ ಸತ್ತದ್ದು ನನ್ನ ಡಬ್ಬಿನ್ಯಾಗಿನ ಪುಡಿ ತಿಂದು."

"ಯಾವ ಡಬ್ಬಿ ತಂಗಿ?" ಗುಂಪಿನಿಂದ ಮೈಲಾರೆಪ್ಪ ಕೇಳಿದ.

"ತಗಡಿನ ಡಬ್ಬಿ, ಕಾಕಾ. ಡಬ್ಬಿದು ಹಾಕ್ರಿ ಅಂತ ನಾ ಹೇಳಿದೆ. ನನ್ನ ಮನಸಿನ್ಯಾಗ ಇದ್ದದ್ದು ಈ ಮೆಣಸಿನಕಾಯಿ. ಕೇಳಿದವರು ತಗಡಿನ ಡಬ್ಬಿ ಅಂತ ತಿಳಕೊಂಡ್ರು. ಅದರಾಗ ಬೂಷ್ಟು ಹಿಡದ ಪುಡಿ ಇತ್ತು. ಬಿಸಾಕೋದು ಬಿಟ್ಟು ನಾನ ಇಟ್ಟಿದ್ದೆ. ಆಮ್ಯಾಲ ಏನೂ ನೋಡದ ಇವರ ಹೆಸರು ಹೇಳಿದೆ."

ಬೇರೆ ಊರಾಗಿದ್ದರೆ ಬಿಡಿಸಿ ಹೇಳಬೇಕಾಗುತ್ತಿತ್ತೇನೋ. ಡಬ್ಬಿ, ಕಡ್ಡಿ ಎನ್ನುತ್ತಲೇ ಬೆಳೆದ ಆ ಜನಕ್ಕೆ ಒಂದೇ ಏಟಿಗೆ ಅರ್ಥವಾಯಿತು. ಯಾರೋ ಹಣೆ ಚಚ್ಚಿಕೊಂಡರು.

ದೇವವ್ವ ಎದ್ದು ಬಂದು ಚೀಲದ ಬಾಯಿಯ ಮೇಲೆ ಬೆರಳಾಡಿಸಿದಳು. "ನನ್ನ ಹೊಲಿಗಿನ," ಎಂದಳು. ಆಮೇಲೆ ಹಲ್ಲಿನಿಂದಲೇ ದಾರ ಕಡಿದು, ಒಂದು ಚಿಟಿಕೆ ಪುಡಿ ತೆಗೆದು, ಮೈಲಾರೆಪ್ಪನ ಅಂಗೈಗೆ ಹಾಕಿದಳು. ಅವನು ಮೂಸಿದ, ಬೆರಳಿಗೆ ಒರೆಸಿ ಬಣ್ಣ ನೋಡಿದ, ತಲೆ ತಗ್ಗಿಸಿದ.

"ತಪ್ಪಾತು ಹನುಮೇಶ. ನಾವೂ ಹಿಂದಮುಂದ ನೋಡಲಿಲ್ಲ."

ಜನ ಚದುರಿದರು. ಹನುಮೇಶ ಮಾತ್ರ ನಿಂತಲ್ಲೇ ನಿಂತಿದ್ದ.

"ಅಂದ್ರ... ನಾ ಕೊಂದಿಲ್ಲ."

"ಇಲ್ಲ."

ಅವನು ಗೋಡೆಗೆ ಕೈ ಊರಿದ. ಉಸಿರು ಎಳೆದುಕೊಂಡ. ಆಮೇಲೆ ಅವಳು ಹೆದರಿದ್ದ ಪ್ರಶ್ನೆಯನ್ನೇ ಕೇಳಿದ.

"ನಿಮಗ ಯಾವಾಗ ತಿಳೀತು?"

ಸುಳ್ಳು ನಾಲಗೆಯ ತುದಿಗೆ ಬಂತು. ನುಂಗಿದಳು.

"ಹೋದ ಸೋಮವಾರ."

"ನಿನ್ನೆ ನಾ ಬೇಲಿ ಹತ್ರ ನಿಂತಿದ್ದೆ."

"ನೋಡಿದೆ."

"ನೋಡಿ?"

"ಕೋಣ್ಯಾಗ ಅಡಗಿ ನಿಂತೆ."

ಅವನು ಅವಳನ್ನೇ ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಡಬ್ಬಿ ವಿಷಯದಾಗ ಯಾರಾದ್ರೂ ತಪ್ಪತಾರ. ನಾ ಆಗಿದ್ರೂ ತಪ್ಪತಿದ್ದೆ. ಆದ್ರ ನಿನ್ನೆ ಆದದ್ದು... ಅದು ಬಾಯಿ ತಪ್ಪಿದ್ದಲ್ಲ, ಮೃಣಾಲಿನಿ."

ಒಳಗೆ ಹೋದ. ಅವಳು ಕಟ್ಟೆ ಇಳಿದಳು. ಅವನು ಹೇಳಿದ್ದರಲ್ಲಿ ತೆಗೆದುಹಾಕುವಂಥ ಒಂದು ಶಬ್ದವೂ ಇರಲಿಲ್ಲ.

*

ವಿಚಾರಣೆಯಲ್ಲಿ ಅವಳಿಗೆ ಕಟ್ಟುನಿಟ್ಟಾದ ಎಚ್ಚರಿಕೆ ಸಿಕ್ಕಿತು. ನೌಕರಿ ಉಳಿಯಿತು. ಮೇವಿನ ಕೋಣೆಯ ಕೀಲಿ ಪಶುವೈದ್ಯರ ಕೈಗೆ ಹೋಯಿತು. ಬುಡನಸಾಬನಿಗೆ ಏನೂ ಆಗಲಿಲ್ಲ. ಆದರೆ ಈಗ ಅವನು ಯಾರು ಏನೇ ಹೇಳಿದರೂ ಬಿಡುವುದಿಲ್ಲ. "ಬಾಳೆಹಣ್ಣು ಹಾಕು ಅಂದ್ರಲ್ಲ, ಹಣ್ಣನ, ಕಾಯಿ ಅಲ್ಲಲ್ಲ?" ಎಂದು ಗಿಳಿಗಳ ಪಂಜರದ ಮುಂದೆ ನಿಂತು ಕೂಗುತ್ತಾನೆ.

ಹಂಸಗಳು ಚೇತರಿಸಿಕೊಂಡವು. ಪಶುವೈದ್ಯರು ಯೋಚಿಸಿ, ತಾಜಾ ಪುಡಿಯನ್ನು ಮತ್ತೆ ಕೊಡಬಹುದು ಎಂದರು. ಅದನ್ನು ತರಿಸುವವರು ಯಾರು? ಮೃಣಾಲಿನಿಗೆ ಆ ಅಂಗಡಿಗೆ ಫೋನು ಮಾಡುವ ಧೈರ್ಯವಿರಲಿಲ್ಲ. ಬುಡನಸಾಬನೇ ಮಾಡಿದ. ಅತ್ತಲಿಂದ ಬಂದದ್ದು ಒಂದೇ ಮಾತು, "ನಾನ ತಂದು ಕೊಡತೇನಿ."

ಅಂದಿನಿಂದ ಆಗಾಗ ಹನುಮೇಶ ಚಿಕ್ಕ ಚೀಲ ಹಿಡಿದು ಬರತೊಡಗಿದ. ಬುಡನಸಾಬನ ಕೈಗೆ ಕೊಡುವನು, ಬೇಲಿಯ ಬಳಿ ಸ್ವಲ್ಪ ಹೊತ್ತು ನಿಲ್ಲುವನು, ಹೋಗುವನು. ಅವಳನ್ನು ಕಂಡರೆ ತಲೆಯಾಡಿಸುವನು, ಅಷ್ಟೇ.

ಮೃಣಾಲಿನಿ ಒಂದನ್ನು ಮಾತ್ರ ಮಾಡಿದಳು. ಅವನು ಬಂದಾಗ ಎಂದೂ ಒಳಗೆ ಹೋಗಲಿಲ್ಲ. ಏನು ಕೆಲಸವಿದ್ದರೂ ಬಿಟ್ಟು ಅವನ ಕಣ್ಣಿಗೆ ಬೀಳುವಂತೆ ಬಯಲಲ್ಲಿ ನಿಲ್ಲುತ್ತಿದ್ದಳು. ಕ್ಷಮೆ ಕೇಳಲಿಲ್ಲ, ಹತ್ತಿರ ಹೋಗಲಿಲ್ಲ. ಅಡಗಲಿಲ್ಲ.

ಚಳಿಗಾಲ ಹೋಗಿ ಬಿಸಿಲು ಏರಿತು. ಹಳೆಯ ಗರಿಗಳು ಉದುರಿದವು.

ಒಂದು ರವಿವಾರ ಅವನು ಬಂದಾಗ ಹಂಸವೊಂದು ಮೈ ಮುರಿದು ರೆಕ್ಕೆ ಬಿಚ್ಚಿತು. ಒಳಗೆ ಕೆಂಪಲ್ಲ, ಕುಂಕುಮವೂ ಅಲ್ಲ... ನೀರಿನಲ್ಲಿ ಕದಡಿದ ಕುಂಕುಮದಂಥ ತೆಳು ಗುಲಾಬಿ. ಪಕ್ಕದಲ್ಲಿದ್ದ ಹೆಂಗಸೊಬ್ಬಳು 'ಅಯ್ಯ ನೋಡಲ್ಲೆ' ಎಂದಳು.

ಹನುಮೇಶ ಬೋರ್ಡಿನ ಕಡೆ ನೋಡಿದ. ಆಮೇಲೆ, ಎಷ್ಟೋ ತಿಂಗಳ ನಂತರ, ನೇರವಾಗಿ ಅವಳ ಕಡೆ.

"ನಿಮ್ಮ ಬೋರ್ಡ್ ಈಗ ಖರೇ ಹೇಳಾಕತ್ತೈತಿ."

ಅವಳು ಬೇಲಿಯ ಹತ್ತಿರ ಬಂದಳು. ಕಣ್ಣು ಎತ್ತರದ ಹೆಣ್ಣು ನಿಲ್ಲುತ್ತಿದ್ದ ಜಾಗಕ್ಕೆ ಹೋಯಿತು. ಅವನದೂ ಅಲ್ಲಿಗೇ ಹೋಯಿತು.

"ಅದು ಇದ್ದಿದ್ರ ಎಲ್ಲಕ್ಕಿಂತ ಛಂದ ಕಾಣತಿತ್ತು," ಎಂದಳು.

"ಹೂಂ."

"ನಾ ಅದನ್ನ ಮರೆಯೂದಿಲ್ಲ. ಆ ರವಿವಾರನೂ ಮರೆಯೂದಿಲ್ಲ."

"ಮರೀಬ್ಯಾಡ್ರಿ," ಎಂದ ಅವನು. ದನಿಯಲ್ಲಿ ಬಿರುಸಿರಲಿಲ್ಲ. "ಅದಾದ ಮ್ಯಾಲ ನಾ ಬಂದಾಗೆಲ್ಲ ನೀವು ಹೊರಗ ನಿಂತಿದ್ರಿ. ಬಿಸಲಾಗೂ ನಿಂತಿದ್ರಿ. ನೋಡೇನಿ ನಾನು."

ಅವಳು ಬೇಲಿಗೆ ಇನ್ನಷ್ಟು ಹತ್ತಿರ ಬಂದಳು.

ಅವನು ಕೈಚೀಲದಿಂದ ಸ್ಟೀಲಿನದೊಂದನ್ನು ತೆಗೆದು ಬೇಲಿಯ ಮೇಲಿಂದ ಚಾಚಿದ.

"ಅವ್ವ ಡಬ್ಬಿ ಕಳಿಸ್ಯಾಳ."

"ಯಾವ ಡಬ್ಬಿ?" ಅವಳ ಬಾಯಿಂದ ತಾನಾಗಿ ಬಂತು.

"ರೊಟ್ಟಿ ಡಬ್ಬಿ." ಅವನ ತುಟಿಯ ಕೊನೆಯಲ್ಲಿ ಹಳೆಯ ಚೇಷ್ಟೆ ಇಣುಕಿತು. "ತಾಜಾ ಐತಿ. ಇವತ್ತ ತಿನ್ರಿ, ನಾಳೆ ಅನಬ್ಯಾಡ್ರಿ."

ಅವಳು ನಕ್ಕಳು. ನಗುತ್ತ ನಗುತ್ತ ಅತ್ತಳು. ಬಿಸಿ ಡಬ್ಬಿಯನ್ನು ಒಂದು ಕೈಯಲ್ಲಿ ಎದೆಗೆ ಒತ್ತಿಕೊಂಡು, ಇನ್ನೊಂದರಿಂದ ಮೂಗು ಒರೆಸಿಕೊಂಡು, ಆ ಕೈಯನ್ನು ಬೇಲಿಯ ಮೇಲಿಟ್ಟು ಹೇಳಿದಳು.

"ನನಗೊಂದು ಮಾತು ಹೇಳೂದದ. ಎರಡರ್ಥ ಬರದಂಗ ಹೇಳತೀನಿ ಈ ಸಲ."

"ಹೇಳ್ರಿ. ಬುಡನಸಾಬನಂಗ ನಾನೂ ಎರಡ ಸಲ ಕೇಳಾಂವ."

"ನೀವು ನನಗ ಬೇಕು, ಹನುಮೇಶ."

ಹಂಸಗಳು ನೀರಿನಲ್ಲಿ ಕಾಲು ಎತ್ತಿ ಇಡುವ ಸದ್ದು ಬಿಟ್ಟರೆ ಬೇರೇನೂ ಅವಳಿಗೆ ಕೇಳಿಸಲಿಲ್ಲ. ಅವನು ಬೇಲಿಯ ಮೇಲಿದ್ದ ಅವಳ ಬೆರಳುಗಳ ಮೇಲೆ ಮೆಲ್ಲಗೆ ತನ್ನ ಕೈಯಿಟ್ಟ.

"ಹೌದಲ್ಲ? ನಾನ?"

"ಹೂಂ," ಎಂದಳು ಮೃಣಾಲಿನಿ, ಅವನ ಕಣ್ಣಿನಿಂದ ಕಣ್ಣು ತೆಗೆಯದೆ. "ನೀನ."